ವೈದ್ಯಕೀಯ ಪದಗಳನ್ನು ಕೈಗೆ ಕೊಟ್ಟು ಕಲಿಸುವುದು: ಯಾವ ತರಗತಿಗೆ ಯಾವ ಚಟುವಟಿಕೆ?

ಜುಲೈ ತಿಂಗಳ ಒಂದು ಮಧ್ಯಾಹ್ನ. ಕಾರವಾರದ ಮಳೆ ಹೆಂಚಿನ ಮೇಲೆ ಬೀಳುತ್ತಿದ್ದ ಸದ್ದಿಗೆ ತರಗತಿಯಲ್ಲಿ ನನ್ನ ಮಾತು ನನಗೇ ಸರಿಯಾಗಿ ಕೇಳಿಸುತ್ತಿರಲಿಲ್ಲ. ನರ್ಸಿಂಗ್ ಮೊದಲ ವರ್ಷದವರಿಗೆ ಉಕ್ತಲೇಖನ ಕೊಡುತ್ತಿದ್ದೆ. ಜೋಯಿಡಾ ಕಡೆಯ ಒಬ್ಬ ಹುಡುಗಿ, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು, ನಾನು ಹೇಳಿದ ‘ಹೈಪೋಗ್ಲೈಸೀಮಿಯಾ’ವನ್ನು ‘ಹೈಪರ್‌ಗ್ಲೈಸೀಮಿಯಾ’ ಎಂದು ಬರೆದಳು. ಅದರ ಮುಂದೆ ‘ರಕ್ತದಲ್ಲಿ ಸಕ್ಕರೆ ಹೆಚ್ಚಾಗುವುದು’ ಎಂದು ದುಂಡಗಿನ ಅಕ್ಷರದಲ್ಲಿ ಅರ್ಥವನ್ನೂ ಬರೆದಿದ್ದಳು. ಪದ ಗೊತ್ತಿತ್ತು, ಅರ್ಥ ಗೊತ್ತಿತ್ತು, ಕಾಗುಣಿತವೂ ಸರಿಯಿತ್ತು. ಕಿವಿಗೆ ಬಿದ್ದದ್ದು ಮಾತ್ರ ತಲೆಕೆಳಗಾಗಿತ್ತು. ವಾರ್ಡಿನಲ್ಲಿ ಇದೇ ನಡೆದಿದ್ದರೆ, ತಕ್ಷಣ ಗ್ಲೂಕೋಸ್ ಬೇಕಾಗಿದ್ದ ರೋಗಿಯ ಹೆಸರಿನ ಮುಂದೆ ಸಕ್ಕರೆ ಹೆಚ್ಚಾದವನ ಟಿಪ್ಪಣಿ ಇರುತ್ತಿತ್ತು.

ಆ ದಿನದವರೆಗೆ ನಾನು ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುತ್ತಿದ್ದೆ. ಆಮೇಲೆ ಒಂದೊಂದಾಗಿ ಚಟುವಟಿಕೆಗಳನ್ನು ಮಾಡಿಸಿ ನೋಡಿದೆ. ಚೀಟಿ, ಮಣ್ಣು, ಆಳೆತ್ತರದ ಚಿತ್ರ, ಮಾಂಸದಂಗಡಿಯಿಂದ ತಂದ ಹೃದಯ, ತಂಬೋಲಾ, ಮೊಬೈಲ್ ರಸಪ್ರಶ್ನೆ, ರೋಗಿಯ ಪಾತ್ರ ಎಲ್ಲವೂ ಆದವು. ಎಲ್ಲದರಲ್ಲೂ ಮಕ್ಕಳು ಖುಷಿಪಟ್ಟರು. ಆದರೆ ಖುಷಿಯನ್ನು ನೋಡಿ ಚಟುವಟಿಕೆಯನ್ನು ಆರಿಸಿಕೊಳ್ಳಬಾರದು. ಮಕ್ಕಳು ಎಲ್ಲಿ ಎಡವುತ್ತಿದ್ದಾರೆ ಎಂಬುದನ್ನು ನೋಡಿ ಆರಿಸಿಕೊಳ್ಳಬೇಕು.

ಮೊದಲು ಎಡವುವ ಜಾಗ ಯಾವುದೆಂದು ನೋಡಿ

ಇದಕ್ಕೆ ಹದಿನೈದು ನಿಮಿಷ ಸಾಕು. ತರಗತಿಯಲ್ಲಿ ಎಂದೂ ಹೇಳಿಕೊಡದ ಒಂದು ಪದವನ್ನು, ಉದಾಹರಣೆಗೆ ‘ಪೆರಿಹೆಪಟೈಟಿಸ್’ ಅನ್ನು, ಕಪ್ಪುಹಲಗೆಯ ಮೇಲೆ ಬರೆದು ಅರ್ಥ ಊಹಿಸಲು ಹೇಳಿ. ಹೈಪರ್‌–ಹೈಪೋ, ಡಿಸ್ಫೇಜಿಯಾ (ನುಂಗಲು ಕಷ್ಟ)–ಡಿಸ್ಫೇಸಿಯಾ (ಮಾತಿನ ತೊಂದರೆ) ಇಂತಹ ಐದು ಜೋಡಿಗಳನ್ನು ಒಮ್ಮೆ ಮಾತ್ರ ಹೇಳಿ ಬರೆಸಿ. ‘ನಿನ್ನ ಪಕ್ಕದವಳ ಯಕೃತ್ತು ಎಲ್ಲಿದೆ, ಬೆರಳಿಟ್ಟು ತೋರಿಸು’ ಎನ್ನಿ. ಕೊನೆಗೆ ‘ಎರಡು ದಿನದಿಂದ ಉರಿಮೂತ್ರ, ನಡುವೆ ರಕ್ತವೂ ಹೋಯಿತು’ ಎಂಬ ರೋಗಿಯ ಮಾತನ್ನು ವೈದ್ಯರಿಗೆ ಹೇಳುವಂತೆ ಬರೆಸಿ.

ಹೊಸ ಪದವನ್ನು ಬಿಡಿಸಲು ಬಾರದವರಿಗೆ ಬೇಕಾದದ್ದು ಚೀಟಿ. ಕಿವಿಯಲ್ಲಿ ಎಡವುವವರನ್ನು ಬೆನ್ನಿಗೆ ಬೆನ್ನು ಕೂರಿಸಬೇಕು. ಯಕೃತ್ತನ್ನು ಎಡಕ್ಕೆ ತೋರಿಸಿದವರಿಗೆ ಚಿತ್ರವೋ ಮಣ್ಣೋ ಬೇಕು. ಮೊದಲ ಮೂರರಲ್ಲೂ ಗೆದ್ದು ಕೊನೆಯದರಲ್ಲಿ ಪೆನ್ನು ಕಚ್ಚುತ್ತ ಕುಳಿತವರೇ ಹೆಚ್ಚು. ಅವರ ಮುಂದೆ ಕೇಸ್ ಶೀಟ್, ಅಂದರೆ ರೋಗಿಯ ವಿವರ ಬರೆಯುವ ಹಾಳೆ, ಇಡದೆ ಬೇರೆ ದಾರಿಯಿಲ್ಲ.

ಚೀಟಿ ಜೋಡಣೆ: ಸಂಧಿ ಓದಿದವರಿಗೆ ಇದು ಹೊಸದಲ್ಲ

ನನ್ನ ಅನುಭವದಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಮೊದಲು ಕೊಡಬೇಕಾದದ್ದು ಇದನ್ನೇ. ಖರ್ಚು ಏನೂ ಇಲ್ಲ. ಹಳೆಯ ಲಗ್ನಪತ್ರಿಕೆಗಳನ್ನು ಮನೆಯಿಂದ ತರಲು ಹೇಳಿ. ಒಳಗಿನ ಖಾಲಿ ಬದಿ ದಪ್ಪಗಿರುತ್ತದೆ, ಸ್ಕೆಚ್ ಪೆನ್ನಿನ ಶಾಯಿ ಹಿಂದಕ್ಕೆ ಇಳಿಯುವುದಿಲ್ಲ. ಉಪಸರ್ಗವನ್ನು ಹಸಿರಿನಲ್ಲಿ, ಮೂಲವನ್ನು ಕೆಂಪಿನಲ್ಲಿ, ಪ್ರತ್ಯಯವನ್ನು ನೀಲಿಯಲ್ಲಿ ಬರೆಸಿ. ಗ್ಯಾಸ್ಟ್ರ್ ಎಂದರೆ ಜಠರ, ಎಂಟರ್ ಎಂದರೆ ಕರುಳು, ಹೆಪಟ್ ಎಂದರೆ ಯಕೃತ್ತು, ಐಟಿಸ್ ಎಂದರೆ ಉರಿಯೂತ, ಮೆಗಾಲಿ ಎಂದರೆ ಹಿಗ್ಗುವುದು, ಆಲ್ಜಿಯಾ ಎಂದರೆ ನೋವು. ‘ಓ’ ಎಂಬ ಒಂದೇ ಅಕ್ಷರದ ಬಿಳಿ ಚೀಟಿಗಳು ಮಾತ್ರ ಒಂದಿಪ್ಪತ್ತಾದರೂ ಬೇಕು, ಏಕೆಂದರೆ ಆಟವೆಲ್ಲ ನಡೆಯುವುದು ಆ ‘ಓ’ ಸುತ್ತ.

ಹೆಪಟ್, ಓ, ಮೆಗಾಲಿ ಸೇರಿದರೆ ಹೆಪಟೋಮೆಗಾಲಿ. ಇಲ್ಲಿ ‘ಓ’ ಉಳಿಯಿತು. ಗ್ಯಾಸ್ಟ್ರ್, ಓ, ಐಟಿಸ್ ಸೇರಿದರೆ ಗ್ಯಾಸ್ಟ್ರೈಟಿಸ್. ಇಲ್ಲಿ ‘ಓ’ ಬಿದ್ದುಹೋಯಿತು. ಮುಂದಿನ ಪ್ರತ್ಯಯ ಸ್ವರದಿಂದ ಆರಂಭವಾದರೆ ‘ಓ’ ಬೀಳುತ್ತದೆ. ಊರು ಮತ್ತು ಅಲ್ಲಿ ಸೇರಿ ‘ಊರಲ್ಲಿ’ ಆಗುವಾಗ ‘ಉ’ ಬಿದ್ದಂತೆಯೇ ಇದು. ‘ಇದು ಲೋಪಸಂಧಿ’ ಎಂದು ನಾನು ಹೇಳಿದ ದಿನ ಹಿಂದಿನ ಬೆಂಚಿನಿಂದ ಒಬ್ಬಳು, ‘ಹಾಗಾದರೆ ಗ್ಯಾಸ್ಟ್ರೋಎಂಟರೈಟಿಸ್‌ನಲ್ಲಿ ‘ಓ’ ಯಾಕೆ ಬೀಳಲಿಲ್ಲ ಮೇಡಂ?’ ಎಂದು ಕೇಳಿದಳು. ಎರಡು ಮೂಲಗಳ ನಡುವೆ ಬಂದ ‘ಓ’ ಸ್ವರದ ಮುಂದೆಯೂ ಹಾಗೆಯೇ ಉಳಿಯುತ್ತದೆ. ‘ಓಹೋ ಅಜ್ಜಿ ಬಂದರೇ’ ಎಂಬಲ್ಲಿ ಸಂಧಿಯಾಗದೆ ಉಳಿಯುವುದಕ್ಕೆ ನಾವು ಪ್ರಕೃತಿಭಾವ ಎಂದು ಹೆಸರಿಟ್ಟಿದ್ದೇವಲ್ಲ, ಅದರ ಹಾಗೆ. ಇಂಗ್ಲಿಷ್ ಪುಸ್ತಕದಲ್ಲಿ ಎರಡು ಪುಟ ತುಂಬಿದ ನಿಯಮ ನಮ್ಮ ಮಕ್ಕಳಿಗೆ ಎಂಟನೆಯ ತರಗತಿಯಿಂದಲೇ ಗೊತ್ತಿದೆ ಎಂಬುದನ್ನು ಅವರಿಗೆ ತೋರಿಸಿಕೊಡಿ. ಇಂಗ್ಲಿಷ್ ಬಾರದು ಎಂದು ಕುಗ್ಗಿ ಕುಳಿತವರು ನೆಟ್ಟಗೆ ಕೂರುತ್ತಾರೆ.

ಉಪಸರ್ಗಗಳ ವಿಷಯದಲ್ಲೂ ಹೀಗೆಯೇ. ಗ್ರೀಕ್ ಮತ್ತು ಸಂಸ್ಕೃತ ಒಂದೇ ಭಾಷಾಕುಟುಂಬದವು, ಸಂಸ್ಕೃತದ ಉಪಸರ್ಗಗಳು ಕನ್ನಡದಲ್ಲಿ ಮನೆಮಾತಾಗಿವೆ. ‘ದುರ್ಬಲ’ದ ದುರ್‌ ಮತ್ತು ‘ಡಿಸ್ಯೂರಿಯಾ’ (ಉರಿಮೂತ್ರ) ಪದದ ಡಿಸ್ ನಂಟರು. ‘ಪರಿಧಿ’ಯ ಪರಿ ಮತ್ತು ‘ಪೆರಿಕಾರ್ಡಿಯಂ’ (ಹೃದಯದ ಸುತ್ತಲಿನ ಪೊರೆ) ಪದದ ಪೆರಿ ಒಂದೇ ಬೇರಿನವು. ‘ಅಶುದ್ಧ’ದಲ್ಲಿ ವ್ಯಂಜನದ ಮುಂದೆ ‘ಅ’, ‘ಅನವಶ್ಯಕ’ದಲ್ಲಿ ಸ್ವರದ ಮುಂದೆ ‘ಅನ್’ ಬರುವಂತೆ, ಉಸಿರು ನಿಲ್ಲುವ ‘ಏಪ್ನಿಯಾ’ದಲ್ಲಿ ಅದು ಬರಿಯ ಒಂದು ಸ್ವರ, ರಕ್ತಹೀನತೆಯ ‘ಅನೀಮಿಯಾ’ದಲ್ಲಿ ‘ಅನ್’. ನನ್ನ ಜೋಯಿಡಾದ ಹುಡುಗಿಗೆ ನಿಜವಾಗಿ ಕೈಹಿಡಿದದ್ದು ಇದು: ಹೈಪರ್‌ ಎಂದರೆ ಉಪರಿ, ಅದೇ ‘ಉಪರಿ’ ನಮ್ಮ ‘ಉಪ್ಪರಿಗೆ’ಯಲ್ಲೂ ಇದೆ. ಹೈಪೋ ಎಂದರೆ ಉಪ. ಪಂಚಾಯತಿಯ ಉಪಾಧ್ಯಕ್ಷ ಅಧ್ಯಕ್ಷನಿಗಿಂತ ಕೆಳಗೆ. ಉಪ್ಪರಿಗೆ ಮೇಲೆ, ಉಪಾಧ್ಯಕ್ಷ ಕೆಳಗೆ.

ಆದರೆ ಈ ಹೋಲಿಕೆಯನ್ನು ಎಲ್ಲ ಕಡೆಗೂ ಎಳೆಯಬೇಡಿ. ‘ಅಂತರ್’ ಮತ್ತು ‘ಇಂಟರ್’ ನಂಟರೇ ಆದರೂ, ‘ಅಂತರಂಗ’ ಎಂದಾಗ ನಮಗೆ ‘ಒಳಗೆ’ ಎನಿಸುತ್ತದೆ, ‘ಇಂಟರ್‌ಕಾಸ್ಟಲ್’ ಎಂದರೆ ಪಕ್ಕೆಲುಬುಗಳ ‘ನಡುವೆ’. ಒಳಗೆ ಎನ್ನಲು ‘ಇಂಟ್ರಾ’ ಬೇಕು. ಹಾಗೆಯೇ ಪದ ಬಿಡಿಸಿದರೆ ಅರ್ಥ ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆಯನ್ನೂ ಸ್ವಲ್ಪ ಸಡಿಲಿಸಬೇಕು. ಪ್ರತಿಯೊಬ್ಬರ ಕೊರಳಲ್ಲಿ ತೂಗುವ ಸ್ಟೆಥೋಸ್ಕೋಪನ್ನೇ ಬಿಡಿಸಿ: ಸ್ಟೆಥೋಸ್ ಎದೆ, ಸ್ಕೋಪ್ ನೋಡುವುದು. 1816ರಲ್ಲಿ ಪ್ಯಾರಿಸ್ಸಿನಲ್ಲಿ ಲೆನೆಕ್ ಎಂಬ ವೈದ್ಯ ಕಾಗದ ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಕೇಳಿದ. ಕೇಳುವ ಸಾಧನಕ್ಕೆ ನೋಡುವ ಹೆಸರು ಬಂತು.

ಚೀಟಿಯ ಕೊರತೆಯೆಂದರೆ, ಇದರಲ್ಲಿ ಕಣ್ಣು ಕಲಿಯುತ್ತದೆ, ಕಿವಿ ಕಲಿಯುವುದಿಲ್ಲ. ‘ಐಲಿಯಮ್’ ಎಂದು ಹೇಳಿದರೆ ಅದು ಸಣ್ಣ ಕರುಳಿನ ಕೊನೆಯ ಭಾಗವೋ ಸೊಂಟದ ಮೂಳೆಯೋ ಉಚ್ಚಾರದಿಂದ ತಿಳಿಯದು. ಇಂಗ್ಲಿಷಿನಲ್ಲಿ ಬರೆಯುವಾಗ ಕರುಳಿಗೆ ನಡುವೆ ‘ಇ’ (e) ಅಕ್ಷರ, ಮೂಳೆಗೆ ‘ಐ’ (i) ಅಕ್ಷರ. ಇಂಥವು ಬಂದಾಗ ಚೀಟಿಯನ್ನು ಬದಿಗಿಟ್ಟು, ಮಕ್ಕಳನ್ನು ಇಬ್ಬಿಬ್ಬರಾಗಿ ಬೆನ್ನಿಗೆ ಬೆನ್ನು ಕೂರಿಸಿ. ಒಬ್ಬಳು ಓದಬೇಕು, ಇನ್ನೊಬ್ಬಳು ಬರೆಯುವ ಮೊದಲು ಪದವನ್ನೂ ಅರ್ಥವನ್ನೂ ಮರಳಿ ಹೇಳಬೇಕು. ‘ಹೈಪೋಕಲೀಮಿಯಾ, ಪೊಟ್ಯಾಸಿಯಂ ಕಡಿಮೆ’ ಎಂದು. ಓದಿದವಳು ‘ಹೌದು’ ಎಂದ ಮೇಲೆಯೇ ಪೆನ್ನು ಕಾಗದಕ್ಕೆ ತಾಗಬೇಕು. ವಾರ್ಡಿನಲ್ಲಿ ಫೋನಿನ ಮೂಲಕ ಸೂಚನೆ ಪಡೆಯುವಾಗಲೂ ಇದೇ ರೂಢಿ ಬೇಕು. ನಮ್ಮಲ್ಲಿ ಮಳೆಯ ಸದ್ದು ಈ ಅಭ್ಯಾಸಕ್ಕೆ ಒಳ್ಳೆಯ ಪರೀಕ್ಷೆ. ಜೋರು ಮಳೆಯ ದಿನವೇ ಮಾಡಿಸಿ.

ಹೃದಯ, ಮಣ್ಣು, ಚಿತ್ರ: ಯಾವುದು ಯಾವುದಕ್ಕೆ

ಮಾಂಸದಂಗಡಿಯಿಂದ ಆಡಿನ ಹೃದಯ ತಂದು ಸ್ಟೀಲ್ ಟ್ರೇಯಲ್ಲಿ ಇಟ್ಟ ದಿನವನ್ನು ಯಾವ ವಿದ್ಯಾರ್ಥಿಯೂ ಮರೆಯುವುದಿಲ್ಲ. ಮೇಲ್ಗಡೆ ಎರಡು ಬದಿಗೆ ಪುಟ್ಟ ಕಿವಿಯಂತೆ ಮಡಚಿಕೊಂಡ ಎರಡು ಮೆತ್ತಗಿನ ಅಂಚುಗಳು ಕಾಣುತ್ತವೆ. ಅವುಗಳ ಹೆಸರು ಆರಿಕಲ್, ಲ್ಯಾಟಿನ್ನಿನಲ್ಲಿ ಪುಟ್ಟ ಕಿವಿ. ಅವು ಅಂಟಿಕೊಂಡಿರುವ ಮೇಲಿನ ಕೋಣೆಯನ್ನು ನಾವು ‘ಹೃತ್ಕರ್ಣ’ ಎನ್ನುವುದು ಅದಕ್ಕೇ. ಕೆಳಗಿನ ಕೋಣೆ ವೆಂಟ್ರಿಕಲ್, ಪುಟ್ಟ ಹೊಟ್ಟೆ, ನಮ್ಮ ‘ಹೃತ್ಕುಕ್ಷಿ’. ಕುಕ್ಷಿ ಎಂದರೆ ಹೊಟ್ಟೆ ಎಂಬುದು ಗೊತ್ತಿದ್ದೂ, ಪುಸ್ತಕದಲ್ಲಿ ಓದುವಾಗ ಯಾರಿಗೂ ಹೊಳೆದಿರಲಿಲ್ಲ. ಮಹಾಪಧಮನಿಯ ಕತ್ತರಿಸಿದ ಬಾಯಿಗೆ ಚೊಂಬಿನಿಂದ ನಿಧಾನವಾಗಿ ನೀರು ಸುರಿದರೆ, ಒಳಗೆ ಮೂರು ಚಿಕ್ಕ ಜೇಬುಗಳು ಉಬ್ಬಿ ಒಂದಕ್ಕೊಂದು ಅಂಟಿಕೊಂಡು ನೀರನ್ನು ಹಿಡಿದು ನಿಲ್ಲಿಸುತ್ತವೆ. ಅರ್ಧಚಂದ್ರದ ಆಕಾರ. ‘ಸೆಮಿಲೂನಾರ್’ ಎಂದು ಆಗ ಹೇಳಿ. ಎಡಗಡೆಯ ಕವಾಟಕ್ಕೆ ‘ಮೈಟ್ರಲ್’ ಎನ್ನುವುದು ಬಿಷಪ್ಪರು ತೊಡುವ ಎರಡು ಎಸಳಿನ ಟೊಪ್ಪಿಯಿಂದ. ಕಾರವಾರದ ಕ್ರೈಸ್ತ ಮಕ್ಕಳು ಅದನ್ನು ಉಳಿದವರಿಗೆ ತಾವೇ ಚಿತ್ರ ಬರೆದು ತೋರಿಸಿದರು.

ಇಷ್ಟೆಲ್ಲ ಆದರೂ ಒಂದು ಮಾತು ಹೇಳಲೇಬೇಕು. ಒಂದೂವರೆ ಗಂಟೆಯಲ್ಲಿ ಕಲಿತದ್ದು ಹೆಚ್ಚೆಂದರೆ ಹನ್ನೆರಡು ಪದ. ಕೈಗವಸು, ಬ್ಲೀಚಿಂಗ್ ಪುಡಿ, ಉಳಿದದ್ದರ ವಿಲೇವಾರಿ ಎಂದು ಕೆಲಸ ಬೇರೆ. ಮೂತ್ರಪಿಂಡ ತರುವ ಯೋಚನೆಯಿದ್ದರೆ ಇನ್ನೂ ಎಚ್ಚರ ಬೇಕು. ಮನುಷ್ಯನ ಮೂತ್ರಪಿಂಡದಲ್ಲಿ ಹಲವು ಪಿರಮಿಡ್‌ಗಳೂ ಅವುಗಳ ತುದಿಗೆ ಬಟ್ಟಲಿನಂತಹ ಕೇಲಿಕ್ಸ್‌ಗಳೂ ಇರುತ್ತವೆ. ಆಡಿನದರಲ್ಲಿ ಅವೆಲ್ಲ ಕೂಡಿ ಒಂದೇ ಏಣು. ಕಾರ್ಟೆಕ್ಸ್ (ಹೊರಭಾಗ), ಮೆಡುಲಾ (ಒಳಭಾಗ), ಯುರೇಟರ್ (ಮೂತ್ರನಾಳ) ತೋರಿಸಬಹುದು, ಕೇಲಿಕ್ಸ್ ತೋರಿಸಹೋದರೆ ತಪ್ಪನ್ನೇ ಕಲಿಸಿದಂತೆ. ಇನ್ನು ಶಿರಸಿ, ಸಿದ್ದಾಪುರ ಕಡೆಯ ತರಗತಿಗಳಲ್ಲಿ ಮಾಂಸ ಮುಟ್ಟದ ಮನೆಗಳ ಮಕ್ಕಳು ಬಹಳ. ಅವರನ್ನು ಬಲವಂತಪಡಿಸಬೇಡಿ. ಹೊರಗೆ ಕಳಿಸಲೂ ಬೇಡಿ. ಹೆಸರು ಬರೆದ ಧ್ವಜಗಳನ್ನು ಗುಂಡುಸೂಜಿಗೆ ಅಂಟಿಸಿಕೊಡುವ ಕೆಲಸವನ್ನು ಅವರಿಗೆ ವಹಿಸಿದರೆ ಪದವಂತೂ ಕೈತಪ್ಪುವುದಿಲ್ಲ.

ಮಣ್ಣು ಇದಕ್ಕೆ ಬದಲಿಯಲ್ಲ, ಅದರ ಕೆಲಸವೇ ಬೇರೆ. ಚೌತಿ ಮುಗಿದ ಮೇಲೆ ಗಣಪತಿ ಮಾಡುವವರ ಮನೆಯಲ್ಲಿ ಹದ ಮಾಡಿದ ಜೇಡಿಮಣ್ಣು ಉಳಿದಿರುತ್ತದೆ, ಕೇಳಿದರೆ ಕೊಡುತ್ತಾರೆ. ಅದರಲ್ಲಿ ಇಡೀ ಅಂಗವ್ಯೂಹ ಮಾಡಿಸಲು ಹೋದರೆ ಎರಡು ವಾರ ಹೋಗುತ್ತದೆ, ಮಾಡಿಸಬೇಡಿ. ಮೂರು ಟೊಳ್ಳು ಜಠರ ಮಾಡಿಸಿ. ಒಂದನ್ನು ಚಾಕುವಿನಿಂದ ಸೀಳಿಸಿ: ಗ್ಯಾಸ್ಟ್ರಾಟಮಿ. ಇನ್ನೊಂದರಲ್ಲಿ ತೂತು ಮಾಡಿ ಹಳೆಯ ಪೆನ್ನಿನ ಕೊಳವೆ ಸಿಕ್ಕಿಸಿ, ಬಾಯಿ ತೆರೆದೇ ಇರಲಿ: ಗ್ಯಾಸ್ಟ್ರಾಸ್ಟಮಿ. ಮೂರನೆಯದನ್ನು ಕತ್ತರಿಸಿ ತೆಗೆದುಬಿಡಿ: ಗ್ಯಾಸ್ಟ್ರೆಕ್ಟಮಿ. ಸೀಳುವುದು, ಬಾಯಿ ಮಾಡುವುದು, ತೆಗೆಯುವುದು. ಈ ಮೂರು ಪ್ರತ್ಯಯಗಳನ್ನು ಗೊಂದಲ ಮಾಡಿಕೊಳ್ಳದ ವಿದ್ಯಾರ್ಥಿಯನ್ನು ನಾನು ಮಣ್ಣು ಮುಟ್ಟಿಸುವ ಮೊದಲು ಕಂಡಿರಲಿಲ್ಲ.

ಆಳೆತ್ತರದ ಚಿತ್ರವನ್ನು ದಿಕ್ಕಿನ ಪದಗಳಿಗೆ ಮೀಸಲಿಡಿ. ಹಳೆಯ ದಿನಪತ್ರಿಕೆಗಳನ್ನು ಅಂಟಿಸಿ ಒಬ್ಬಳನ್ನು ಅದರ ಮೇಲೆ ಅಂಗೈ ಮೇಲ್ಮುಖವಾಗಿ ಮಲಗಿಸಿ ಗೆರೆ ಎಳೆಯಿರಿ. ಮೊದಲ ಅರ್ಧ ಗಂಟೆ ಎಡ ಬಲದ ಜಗಳದಲ್ಲೇ ಹೋಗುತ್ತದೆ, ಹೋಗಲಿ. ಬಲ ಎಂದರೆ ನೋಡುವವರ ಬಲವಲ್ಲ, ಮಲಗಿದವಳ ಬಲ. ಪ್ರಾಕ್ಸಿಮಲ್ ಮತ್ತು ಡಿಸ್ಟಲ್ ಬಂದಾಗ ನಾನು ಆ ಚಿತ್ರದ ತೋಳಿನ ಮೇಲೆ ಕಾಳಿ ನದಿಯನ್ನು ಬರೆಸುತ್ತೇನೆ. ಭುಜದಲ್ಲಿ ಜೋಯಿಡಾದ ಡಿಗ್ಗಿ, ಅಲ್ಲಿಂದ ಸೂಪಾ, ಕೊಡಸಳ್ಳಿ, ಕದ್ರಾ, ಬೆರಳ ತುದಿಯಲ್ಲಿ ಸದಾಶಿವಗಡದ ಪಕ್ಕದ ಅಳಿವೆ. ಸೂಪಾ ಕದ್ರಾಕ್ಕಿಂತ ಪ್ರಾಕ್ಸಿಮಲ್, ಕದ್ರಾ ಸೂಪಾಕ್ಕಿಂತ ಡಿಸ್ಟಲ್. ಮೊಣಕೈ ಮಣಿಕಟ್ಟಿಗಿಂತ ಪ್ರಾಕ್ಸಿಮಲ್. ಉಗಮಕ್ಕೆ ಹತ್ತಿರವೋ ಕಡಲಿಗೆ ಹತ್ತಿರವೋ ಎಂದು ಕೇಳಿಕೊಂಡರೆ ಸಾಕು.

ಆಟ ಮತ್ತು ಮೊಬೈಲ್

ತಂಬೋಲಾ, ಪದಗಳ ಅಂತ್ಯಾಕ್ಷರಿ, ಮೊಬೈಲಿನ ರಸಪ್ರಶ್ನೆ ಇವೆಲ್ಲ ಕಲಿತದ್ದನ್ನು ನೆನಪಿನಲ್ಲಿ ಉಳಿಸಲು ಒಳ್ಳೆಯವು, ಹೊಸದಾಗಿ ಕಲಿಸಲು ಅಲ್ಲ. ಬೇಗ ಉತ್ತರಿಸುವ ನಾಲ್ಕು ಮಂದಿ ಗೆಲ್ಲುತ್ತಾರೆ, ಉಳಿದವರು ಅವರ ಮುಖ ನೋಡುತ್ತಾರೆ. ಘಟ್ಟದ ಹಳ್ಳಿಗಳಲ್ಲಿ ನೆಟ್‌ವರ್ಕ್ ಸಿಗದ ಮಕ್ಕಳಿಗೆ ಮೊಬೈಲಿನಲ್ಲಿ ಮನೆಕೆಲಸ ಕೊಡುವುದು ನ್ಯಾಯವೂ ಅಲ್ಲ. ಶನಿವಾರದ ಕೊನೆಯ ಅವಧಿಗೆ ಇವನ್ನು ಇಟ್ಟುಕೊಳ್ಳಿ.

ರೋಗಿಯ ಪಾತ್ರ ಮತ್ತು ಕೇಸ್ ಶೀಟ್

ಇದು ಎಲ್ಲಕ್ಕಿಂತ ಕಷ್ಟದ ಚಟುವಟಿಕೆ, ಮತ್ತು ವಾರ್ಡಿನಲ್ಲಿ ನೇರವಾಗಿ ಉಪಯೋಗಕ್ಕೆ ಬರುವುದು ಇದೊಂದೇ. ಮೂವರ ಗುಂಪು ಮಾಡಿ. ಒಬ್ಬಳು ರೋಗಿ, ತನ್ನ ಮನೆಮಾತಿನಲ್ಲೇ ಮಾತನಾಡಬೇಕು. ನಮ್ಮ ಜಿಲ್ಲೆಯಲ್ಲಿ ಅದು ಹವ್ಯಕ ಕನ್ನಡವಾಗಬಹುದು, ಹಾಲಕ್ಕಿಗಳ ಕನ್ನಡವಾಗಬಹುದು, ಭಟ್ಕಳದ ನವಾಯತಿ ಆಗಬಹುದು, ‘ಪೊಟಾಂತ್ ದುಕ್ತಾ’ (ಹೊಟ್ಟೆ ನೋಯುತ್ತದೆ) ಎನ್ನುವ ಕಾರವಾರದ ಕೊಂಕಣಿ ಆಗಬಹುದು. ಎರಡನೆಯವಳು ದಾದಿ, ಕೇಳಿ ಬರೆಯಬೇಕು. ಮೂರನೆಯವಳು ಆ ಬರಹವನ್ನು ನೋಡಿ ರೋಗಿಯ ಮನೆಯವರಿಗೆ ಮತ್ತೆ ಸರಳ ಕನ್ನಡದಲ್ಲಿ ಹೇಳಬೇಕು. ಮೂರನೆಯವಳ ಮಾತು ರೋಗಿ ಹೇಳಿದ್ದಕ್ಕೆ ಹೊಂದದಿದ್ದರೆ ಪದ ಎಲ್ಲೋ ತಪ್ಪಿದೆ.

ಪಾಠಕ್ಕೆ ಊರಿನ ಕಾಯಿಲೆಯನ್ನೇ ತೆಗೆದುಕೊಳ್ಳಿ. ನಾನು ಘಟ್ಟದ ಮೇಲಿನ ಮಕ್ಕಳಿಗೆ ಮಂಗನ ಕಾಯಿಲೆಯನ್ನು ಕೊಡುತ್ತೇನೆ. ‘ದರಕು (ಒಣ ಎಲೆ) ತರಲು ಬೆಟ್ಟಕ್ಕೆ ಹೋಗಿದ್ದೆ. ನಾಲ್ಕೈದು ದಿನ ಕಳೆದು ಒಮ್ಮೆಲೇ ಜ್ವರ ಬಂತು. ತಲೆ ಸಿಡಿಯುತ್ತದೆ, ಸೊಂಟ ಕಾಲು ಎಲ್ಲ ಜಜ್ಜಿದ ಹಾಗೆ. ಬೆಳಿಗ್ಗೆ ಮೂಗಿನಲ್ಲಿ ರಕ್ತ ಬಂತು.’ ದಾದಿ ಬರೆಯುತ್ತಾಳೆ: ಪೈರೆಕ್ಸಿಯಾ, ಸೆಫಲಾಲ್ಜಿಯಾ, ಮಯಾಲ್ಜಿಯಾ, ಎಪಿಸ್ಟ್ಯಾಕ್ಸಿಸ್. ಪ್ರಯೋಗಾಲಯದ ಚೀಟಿಯಲ್ಲಿ ಥ್ರಾಂಬೋಸೈಟೋಪೀನಿಯಾ ಎಂದಿದೆ. ಅದನ್ನು ಅಲ್ಲೇ ಬಿಡಿಸುತ್ತಾರೆ: ಥ್ರಾಂಬೋ ಹೆಪ್ಪು, ಸೈಟೋ ಕೋಶ, ಪೀನಿಯಾ ಎಂದರೆ ಗ್ರೀಕಿನಲ್ಲಿ ಬಡತನ. ರಕ್ತ ಹೆಪ್ಪುಗಟ್ಟಿಸುವ ಕೋಶಗಳಿಗೆ ಬಡತನ ಬಂದರೆ ಮೂಗಿನಲ್ಲಿ ರಕ್ತ ಬಾರದೇ? ಹೀಗೆ ಒಂದು ಪದದ ಅರ್ಥವೇ ರೋಗಿಯ ಇನ್ನೊಂದು ಲಕ್ಷಣವನ್ನು ವಿವರಿಸಿದಾಗ ಆ ಪದವನ್ನು ಮತ್ತೆ ಬಾಯಿಪಾಠ ಮಾಡಬೇಕಾಗಿಲ್ಲ. ಕಾಯಿಲೆಯ ಅಧಿಕೃತ ಹೆಸರನ್ನು ಮಾತ್ರ ಬಿಡಿಸಲಾಗದು. 1957ರಲ್ಲಿ ಅದು ಗುರುತಿಸಲ್ಪಟ್ಟ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಹೆಸರೇ ಅದಕ್ಕೆ ಉಳಿದಿದೆ.

ಕರಾವಳಿಯ ಮಕ್ಕಳಿಗೆ ಮಳೆಗಾಲದ ಇಲಿಜ್ವರ, ಅಂದರೆ ಲೆಪ್ಟೋಸ್ಪೈರೋಸಿಸ್, ಹೊಂದುತ್ತದೆ. ಲೆಪ್ಟೋ ತೆಳು, ಸ್ಪೈರಾ ಸುರುಳಿ, ಓಸಿಸ್ ರೋಗಸ್ಥಿತಿ. ಗದ್ದೆಯ ನೀರಿನಲ್ಲಿ ನಿಂತವನಿಗೆ ಮೀನಖಂಡದ ನೋವು, ಕಣ್ಣು ಹಳದಿ, ಮೂತ್ರ ಕಡಿಮೆ: ಮಯಾಲ್ಜಿಯಾ, ಇಕ್ಟರಸ್, ಆಲಿಗ್ಯೂರಿಯಾ.

ಒಂದು ಎಚ್ಚರಿಕೆ ಹೇಳಲೇಬೇಕು. ‘ಪಿತ್ತ ಏರಿದೆ’, ‘ವಾಯು ಹಿಡಿದಿದೆ’, ‘ಜೀವ ಕಸಿವಿಸಿ’ ಎಂದು ರೋಗಿ ಹೇಳಿದಾಗ, ಹೊಸದಾಗಿ ಪದ ಕಲಿತ ಮಕ್ಕಳು ಉತ್ಸಾಹದಿಂದ ಯಾವುದಾದರೊಂದು ಗ್ರೀಕ್ ಪದವನ್ನು ಅದಕ್ಕೆ ತೊಡಿಸಿಬಿಡುತ್ತಾರೆ. ಒಂದು ಸಲ ‘ಪಿತ್ತ’ ಎಂದದ್ದಕ್ಕೆ ಒಬ್ಬಳು ‘ಕೋಲಿಸಿಸ್ಟೈಟಿಸ್’ (ಪಿತ್ತಕೋಶದ ಉರಿಯೂತ) ಎಂದೇ ಬರೆದಳು. ಆ ರೋಗಿಗೆ ಇದ್ದದ್ದು ತಲೆಸುತ್ತು. ರೋಗಿಯ ಮುಖ್ಯ ದೂರನ್ನು ಅವನ ಮಾತಿನಲ್ಲೇ, ಉದ್ಧರಣ ಚಿಹ್ನೆಯೊಳಗೆ ಬರೆಯಬೇಕು. ‘ಪಿತ್ತ ಎಂದರೆ ನಿಮಗೆ ಏನಾಗುತ್ತದೆ?’ ಎಂದು ಕೇಳಿ, ಬಂದ ಉತ್ತರಕ್ಕೆ ಮಾತ್ರ ಪದ ಹುಡುಕಬೇಕು. ಇದನ್ನು ಕಲಿಸದೆ ಉಳಿದದ್ದನ್ನೆಲ್ಲ ಕಲಿಸಿದರೆ, ನಾವು ಮಕ್ಕಳ ಕೈಗೆ ಹರಿತವಾದ ಕತ್ತಿ ಕೊಟ್ಟು ಎಲ್ಲಿ ಹಿಡಿಯಬೇಕೆಂದು ಹೇಳದೆ ಬಿಟ್ಟಂತೆ.

ಸಮಯ ಇಲ್ಲದವರಿಗೆ

ಎಲ್ಲವನ್ನೂ ಮಾಡಿಸಲು ಯಾರಿಗೂ ಅವಧಿ ಸಿಗುವುದಿಲ್ಲ. ನಲವತ್ತು ಮಕ್ಕಳು, ಒಬ್ಬರೇ ಶಿಕ್ಷಕರು, ವಾರಕ್ಕೆ ಎರಡು ಅವಧಿ ಎಂದಾದರೆ ಚೀಟಿ ಮತ್ತು ಬೆನ್ನಿಗೆ ಬೆನ್ನು, ಇವೆರಡನ್ನೇ ಒಂದು ತಿಂಗಳು ಮಾಡಿಸಿ, ಆಮೇಲೆ ನೇರ ಕೇಸ್ ಶೀಟಿಗೆ ಹೋಗಿ. ಹೃದಯವನ್ನು ವರ್ಷಕ್ಕೆ ಒಮ್ಮೆ ತಂದರೆ ಸಾಕು. ಪರೀಕ್ಷೆಗೆ ಹತ್ತೇ ದಿನ ಉಳಿದಿದ್ದರೆ ಮಣ್ಣು, ಚಿತ್ರ ಎರಡನ್ನೂ ಬಿಡಿ, ಚೀಟಿಗಳನ್ನು ಮನೆಗೆ ಕಳಿಸಿ. ಫಾರ್ಮಸಿ ಅಥವಾ ಪ್ರಯೋಗಾಲಯ ತಂತ್ರಜ್ಞರ ಕೋರ್ಸಿನವರಿಗೆ ರೋಗಿಯ ಪಾತ್ರಕ್ಕಿಂತ ಕಿವಿಯ ಅಭ್ಯಾಸವೇ ಮುಖ್ಯ, ಅವರ ಕೆಲಸವೆಲ್ಲ ಹೆಸರಿನ ಒಂದು ಅಕ್ಷರದ ಮೇಲೆ ನಿಂತಿರುತ್ತದೆ. ಪಿಯುಸಿ ವಿಜ್ಞಾನದ ಮಕ್ಕಳಿಗೆ, ಮುಂದೆ ವೈದ್ಯಕೀಯ ಓದುವ ಆಸೆಯಿದ್ದವರಿಗೆ, ಹೃದಯ ಮತ್ತು ಚೀಟಿ ಸಾಕು.

ಮೊದಮೊದಲು ಮಕ್ಕಳು ಬರೆದ ಉಕ್ತಲೇಖನದ ಹಾಳೆಗಳನ್ನೂ ಕೇಸ್ ಶೀಟುಗಳನ್ನೂ ಎಸೆಯಬೇಡಿ, ಹೆಸರು ಮುಚ್ಚಿ ಒಂದು ಫೈಲಿನಲ್ಲಿ ಇಡಿ. ಮಾರ್ಚಿನಲ್ಲಿ ಅವನ್ನೇ ಅವರ ಕೈಗೆ ಕೊಟ್ಟು ಕೆಂಪು ಶಾಯಿಯಿಂದ ತಿದ್ದಲು ಹೇಳಿ. ಜೋಯಿಡಾದ ಹುಡುಗಿ ಆ ಜುಲೈನ ಹಾಳೆಯನ್ನು ತಿದ್ದುವಾಗ ‘ಪರ್’ ಅನ್ನು ಹೊಡೆದುಹಾಕಿ ‘ಪೋ’ ಎಂದು ಬರೆದಳು. ಪಕ್ಕದಲ್ಲಿ ಚಿಕ್ಕದಾಗಿ, ‘ಬರೆಯುವ ಮೊದಲು ಮರಳಿ ಹೇಳಬೇಕಿತ್ತು’ ಎಂದೂ ಬರೆದಿದ್ದಳು.